ಜಾಸ್ತಿ ಹೊಡೆದವನು ಸೋತಿದ್ದು ಹೇಗೆ?

ಪ್ರಶ್ನೆ: ನನಗೆ 28 ವರ್ಷ. ಎರಡು ವರ್ಷದಿಂದ ಕ್ಯೋಕುಶಿನ್ ಕರಾಟೆ ಕಲಿಯುತ್ತಿದ್ದೇನೆ. ಮುಂದಿನ ತಿಂಗಳು ಮೊದಲ ಸಲ ಫುಲ್ ಕಾಂಟ್ಯಾಕ್ಟ್ ಟೂರ್ನಮೆಂಟಿಗೆ ಇಳಿಯುತ್ತಿದ್ದೇನೆ. ಹೋದ ವಾರ ಒಂದು ಪಂದ್ಯ ನೋಡಿದೆ. ಬಿಳಿ ಕಡೆಯವನು ಮೂರು ನಿಮಿಷ ಬಿಡದೆ ಎದೆಗೆ ಗುದ್ದಿದ. ಕೆಂಪು ಕಡೆಯವನು ಅದರ ಅರ್ಧದಷ್ಟೂ ಹೊಡೆಯಲಿಲ್ಲ. ಕೊನೆಗೆ ನೋಡಿದರೆ ನಾಲ್ಕೂ ಬಾವುಟ ಕೆಂಪು! ಇದು ಯಾವ ಲೆಕ್ಕ? ತಲೆಗೆ ಒದೆಯಬಹುದು, ಮುಖಕ್ಕೆ ಗುದ್ದಬಾರದು ಅನ್ನುವುದು ಇನ್ನೂ ವಿಚಿತ್ರ ಅನಿಸುತ್ತದೆ. ಬಗ್ಗಿ ನಮಸ್ಕರಿಸುವುದು, 'ಓಸ್' ಅನ್ನುವುದು, ಗೆದ್ದರೂ ಕುಣಿಯಬಾರದು ಅನ್ನುವುದು, ಇವೆಲ್ಲ ಸುಮ್ನೆ ಸಂಪ್ರದಾಯವೋ, ಇಲ್ಲ ತೀರ್ಪಿಗೂ ಸಂಬಂಧ ಇದೆಯೋ?

ಉತ್ತರ: ಆ ಪಂದ್ಯ ನಾನು ನೋಡಿಲ್ಲ. ಆದರೂ ಒಂದು ಮಾತು ಕೇಳುತ್ತೇನೆ. ಕೊನೆಯ ಒಂದು ನಿಮಿಷದಲ್ಲಿ ಬಿಳಿ ಕಡೆಯವನ ಮುಂಗಾಲು ಹೇಗಿತ್ತು? ನೆನಪಿಲ್ಲ ಅಲ್ವಾ? ನೋಡುವವರ ಕಣ್ಣೆಲ್ಲ ಗುದ್ದುವ ಕೈ ಮೇಲಿರುತ್ತದೆ. ಮೂಲೆಯಲ್ಲಿ ಕೂತ ತೀರ್ಪುಗಾರರ ಕಣ್ಣು ಗುದ್ದು ತಿನ್ನುವವನ ಮೈ ಮೇಲಿರುತ್ತದೆ. ನಿಮ್ಮ ಲೆಕ್ಕಕ್ಕೂ ಬಾವುಟದ ಲೆಕ್ಕಕ್ಕೂ ತಾಳೆಯಾಗದಿದ್ದಕ್ಕೆ ಬಹುಶಃ ಇದೇ ಕಾರಣ.

ನಾನು ಕೆಲವು ವರ್ಷ ಆಡಿದೆ. ಅದಕ್ಕಿಂತ ಜಾಸ್ತಿ ವರ್ಷ ಆ ಮೂಲೆಯ ಕುರ್ಚಿಯಲ್ಲಿ ಕೂತಿದ್ದೇನೆ. ಒಂದು ಕೈಯಲ್ಲಿ ಕೆಂಪು ಬಾವುಟ, ಇನ್ನೊಂದರಲ್ಲಿ ಬಿಳಿ, ಬಾಯಲ್ಲಿ ಸೀಟಿ. ಕೂತಲ್ಲಿಂದ ಆಟಗಾರರ ತೊಡೆ ಹೆಚ್ಚುಕಡಿಮೆ ನಮ್ಮ ಕಣ್ಣಿನ ಮಟ್ಟಕ್ಕೇ ಬರುತ್ತದೆ. ತೊಡೆಗೆ ಬೀಳುವ ಅಡ್ಡ ಒದೆಗೆ ಗೆದಾನ್ ಮವಾಶಿ ಗೇರಿ ಅನ್ನುತ್ತೇವೆ. ಅದು ಸರಿಯಾಗಿ ಬಿದ್ದಾಗ ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿದಂತೆ ಸದ್ದು ಬರುತ್ತದೆ. ಮೊದಲ ಒದೆಗೆ ಏನೂ ಆಗುವುದಿಲ್ಲ. ಎರಡನೆಯದಕ್ಕೂ ಇಲ್ಲ. ನಾಲ್ಕೋ ಐದೋ ಬಿದ್ದ ಮೇಲೆ ತಿಂದವನ ಹಿಮ್ಮಡಿ ಸ್ವಲ್ಪ ಮೇಲೇಳುತ್ತದೆ. ಭಾರವೆಲ್ಲ ಹಿಂದಿನ ಕಾಲಿಗೆ ಹೋಗುತ್ತದೆ. ಆಮೇಲೆ ಅವನು ಮಾಡುವ ಕೆಲಸ ಒಂದೇ. ಮುಂದೆ ನುಗ್ಗಿ, ಎದೆಗೆ ಎದೆ ಕೊಟ್ಟು, ಗುದ್ದಲು ಶುರು ಮಾಡುತ್ತಾನೆ. ಯಾಕೆಂದರೆ ಒದೆಗೆ ಜಾಗ ಬೇಕು. ದೂರ ನಿಂತರೆ ಇನ್ನೊಂದು ಬೀಳುತ್ತದೆ. ಹತ್ತಿರ ಹೋದರೆ ಬೀಳುವುದಿಲ್ಲ.

ಅಂದರೆ ನಿಮಗೆ ದಾಳಿ ಅಂತ ಕಂಡಿದ್ದು ಮೂಲೆಯಿಂದ ನೋಡಿದರೆ ಓಡಿಹೋಗುವುದೇ. ಮುಂದಕ್ಕೆ ಓಡಿದ್ದು, ಅಷ್ಟೇ ವ್ಯತ್ಯಾಸ.

ಫುಲ್ ಕಾಂಟ್ಯಾಕ್ಟ್ ನಿಯಮಗಳ ಬೇರು ಇಲ್ಲಿದೆ. ಪೆಟ್ಟು ತಾಗಿತು ಅನ್ನುವುದಕ್ಕೆ ಅಂಕ ಇಲ್ಲ. ತಾಗಿದ ಮೇಲೆ ಏನಾಯಿತು ಅನ್ನುವುದಕ್ಕೆ ಅಂಕ. ನೂರು ಗುದ್ದು ಹೊಡೆದು ಎದುರಾಳಿ ಕಣ್ಣು ಮಿಟುಕಿಸದೆ ನಿಂತಿದ್ದರೆ, ನಮ್ಮ ಪಾಲಿಗೆ ಅದು ಬರೀ ಶ್ರಮ. ಒಂದೇ ಒಂದು ಗುದ್ದಿಗೆ ಅವನು ಪಕ್ಕೆ ಹಿಡಿದು ಬಗ್ಗಿದರೆ ಅದು ಅಂಕ.

ಒಲಿಂಪಿಕ್ಸಿನಲ್ಲಿ ಕಂಡ ಕರಾಟೆಯ ಲೆಕ್ಕ ಬೇರೆ. ಅಲ್ಲಿ ಪೆಟ್ಟನ್ನು ಹಿಡಿತದಲ್ಲಿ ಇಟ್ಟುಕೊಳ್ಳಬೇಕು. ಸರಿಯಾದ ಜಾಗಕ್ಕೆ, ಸರಿಯಾದ ರೂಪದಲ್ಲಿ, ಅತಿಯಾಗದಂತೆ ಮುಟ್ಟಿಸಿದರೆ 1, 2 ಅಥವಾ 3 ಅಂಕ. 2021ರ ಆಗಸ್ಟ್‌ನಲ್ಲಿ ಟೋಕಿಯೋದಲ್ಲಿ ನಡೆದ 75 ಕೆಜಿ ಮೇಲಿನವರ ಫೈನಲ್ ನೆನಪಿಸಿಕೊಳ್ಳಿ. ಸೌದಿ ಅರೇಬಿಯಾದ ತಾರೆಗ್ ಹಮೆದಿ 4-1ರಿಂದ ಮುಂದಿದ್ದರು. ಅವರ ಒಂದು ಒದೆ ಇರಾನಿನ ಸಜ್ಜಾದ್ ಗಂಜ್‌ಜಾದೆ ತಲೆಗೆ ಬಿತ್ತು. ಗಂಜ್‌ಜಾದೆ ನೆಲಕ್ಕೆ ಬಿದ್ದರು, ಸ್ಟ್ರೆಚರ್ ಮೇಲೆ ಹೊರಗೆ ಹೋದರು. ಚಿನ್ನ ಸಿಕ್ಕಿದ್ದು ಬಿದ್ದವರಿಗೆ. ಮಿತಿ ಮೀರಿ ಹೊಡೆದರು ಅಂತ ಹಮೆದಿಯನ್ನು ಅನರ್ಹಗೊಳಿಸಿದರು. ಅದು ನಡೆದಿದ್ದು ನಿಪ್ಪೊನ್ ಬುದೋಕಾನ್ ಸಭಾಂಗಣದಲ್ಲಿ. 1980ರ ದಶಕದಲ್ಲಿ ಕ್ಯೋಕುಶಿನ್ ವಿಶ್ವ ಪಂದ್ಯಗಳು ನಡೆದಿದ್ದೂ ಅದೇ ಕಟ್ಟಡದಲ್ಲಿ. ಆ ಒದೆ ಅಲ್ಲಿ ಆಗ ಬಿದ್ದಿದ್ದರೆ ರೆಫರಿ ಕೈ ಮೇಲೆತ್ತಿ ಇಪ್ಪೊನ್ ಅಂದಿರುತ್ತಿದ್ದರು. ಯಾವ ಲೆಕ್ಕ ಮೇಲು ಅಂತ ನಾನು ಜಗಳಕ್ಕೆ ಬರುವುದಿಲ್ಲ. ಎರಡನ್ನೂ ಕರಾಟೆ ಅಂತಲೇ ಕರೆಯುವುದರಿಂದ ನೋಡುವವರಿಗೆ ಗೊಂದಲ ಆಗುವುದಂತೂ ನಿಜ.

ಇಪ್ಪೊನ್ ಅಂದರೆ ಪೂರ್ತಿ ಅಂಕ, ಪಂದ್ಯ ಅಲ್ಲಿಗೆ ಮುಗಿಯಿತು. ನಿಯಮದೊಳಗಿನ ಪೆಟ್ಟಿಗೆ ಎದುರಾಳಿ ಬಿದ್ದು ಮೂರು ಸೆಕೆಂಡಿನೊಳಗೆ ಏಳದಿದ್ದರೆ, ಅಥವಾ ನಿಂತೇ ಇದ್ದರೂ ಹೋರಾಡುವ ಮನಸ್ಸು ಕಳೆದುಕೊಂಡರೆ ಇಪ್ಪೊನ್. ಮೂರು ಸೆಕೆಂಡಿನೊಳಗೆ ಎದ್ದುಬಿಟ್ಟರೆ ವಾಜಾ-ಆರಿ, ಅಂದರೆ ಅರ್ಧ ಅಂಕ. ಎರಡು ವಾಜಾ-ಆರಿ ಸೇರಿದರೆ ಒಂದು ಇಪ್ಪೊನ್. ಕುಸ್ತಿಯಂತೆ ಬೀಳಿಸಿದರೆ ಸಾಕು ಅಂತಲ್ಲ. ಕಾಲು ಜಾರಿ ಬಿದ್ದರೆ ಏನೂ ಇಲ್ಲ.

ಒಂದು ಕಡೆ ಮಾತ್ರ ನೋವಿಲ್ಲದೆ ಅಂಕ ಸಿಗುತ್ತದೆ. ಅದೇ ನನಗೆ ತುಂಬ ಇಷ್ಟದ ನಿಯಮ. ಎದುರಾಳಿಯ ಕಾಲನ್ನು ಬೀಸಿ ಅವನನ್ನು ಬೀಳಿಸಿದಿರಿ ಅಂತಿಟ್ಟುಕೊಳ್ಳಿ. ಬಿದ್ದವನಿಗೆ ಹೊಡೆಯುವಂತಿಲ್ಲ. ಆದರೆ ಅವನು ಬಿದ್ದ ತಕ್ಷಣ, ಮುಟ್ಟದಂತೆ, ಅವನ ಮೇಲೆ ಒಂದು ಗುದ್ದು ಇಳಿಸಿ ನಿಲ್ಲಿಸಬೇಕು. ಕಿಯಾಯ್, ಅಂದರೆ ಹೋರಾಟದ ಕೂಗು, ಹಾಕಬೇಕು. ಕಣ್ಣು ಅವನ ಮೇಲೇ ಇರಬೇಕು. ಆಗ ವಾಜಾ-ಆರಿ. ನಮ್ಮಲ್ಲಿ ಬಿದ್ದವನಿಗೆ ಒಂದು ಗುದ್ದು ಜಾಸ್ತಿ ಅನ್ನುತ್ತಾರಲ್ಲ, ಇಲ್ಲಿ ಆ ಜಾಸ್ತಿ ಗುದ್ದನ್ನು ಗಾಳಿಯಲ್ಲೇ ನಿಲ್ಲಿಸಿದವನಿಗೆ ಅಂಕ. ಹೊಡೆಯಬಹುದಿತ್ತು, ಹೊಡೆಯಲಿಲ್ಲ, ಆದರೆ ಗಮನ ತಪ್ಪಲಿಲ್ಲ. ಈ ಕೊನೆಯದಕ್ಕೆ ಜಾನ್‌ಶಿನ್ ಅನ್ನುತ್ತಾರೆ. ಉಳಿದಿರುವ ಮನಸ್ಸು ಅಂತ ಅದರ ಅರ್ಥ. ಪೆಟ್ಟು ಮುಗಿದ ಮೇಲೂ ಮನಸ್ಸು ಅಲ್ಲೇ ಉಳಿದಿರಬೇಕು.

ಇದನ್ನು ನಾನು ಕಲಿತಿದ್ದು ಮರ್ಯಾದೆ ಕಳೆದುಕೊಂಡು. ನನ್ನ ಎರಡನೆಯ ಟೂರ್ನಮೆಂಟು. ಎದುರಾಳಿ ನನಗಿಂತ ಅರ್ಧ ಅಡಿ ಎತ್ತರ. ಅವನು ಒದೆಯಲು ಕಾಲೆತ್ತಿದಾಗ ನಿಂತ ಕಾಲನ್ನು ನಾನು ಬೀಸಿದೆ. ಅಂಗಾತ ದಬ್ ಅಂತ ಬಿದ್ದ. ನನಗೇ ನಂಬಿಕೆ ಬರಲಿಲ್ಲ. ಡೋಜೋದಲ್ಲಿ, ಅಂದರೆ ಅಭ್ಯಾಸದ ಜಾಗದಲ್ಲಿ, ನೂರು ಸಲ ಮಾಡಿದ ಆ ಗುದ್ದು ಮರೆತೇ ಹೋಯಿತು. ತಿರುಗಿ ನನ್ನ ಮೂಲೆಯಲ್ಲಿ ಕೂತಿದ್ದ ಗೆಳೆಯರ ಕಡೆ ನೋಡಿ ಮುಷ್ಟಿ ಎತ್ತಿದೆ. ಹಿಂದಿನಿಂದ ಸೀಟಿ ಕೇಳಲಿಲ್ಲ. ತಿರುಗಿ ನೋಡಿದರೆ ನಾಲ್ವರೂ ಮೂಲೆಯವರು ಎರಡೂ ಬಾವುಟಗಳನ್ನು ಕೆಳಗೆ ಅತ್ತಿತ್ತ ಬೀಸುತ್ತಿದ್ದರು. ಒಪ್ಪುವುದಿಲ್ಲ ಅಂತ ಅದರ ಅರ್ಥ. ಎದುರಾಳಿ ಎದ್ದು ಬೆಲ್ಟ್ ಸರಿಮಾಡಿಕೊಂಡು ಬಂದ. ಆಮೇಲೆ ಒಂದೂವರೆ ನಿಮಿಷ ನನ್ನ ಹೊಟ್ಟೆಗೆ ಅವನ ಮೊಣಕಾಲು ಕೊಟ್ಟ ಪಾಠ ಬೇರೆಯೇ.

ಗೆದ್ದಾಗ ಕುಣಿಯಬಾರದು ಅನ್ನುವುದು ಬರೀ ಸಭ್ಯತೆಯ ಮಾತೋ ಅಂತ ಕೇಳಿದಿರಲ್ಲ, ಇದೇ ಉತ್ತರ. ಕುಣಿಯುವವನ ಕಣ್ಣು ಎದುರಾಳಿಯ ಮೇಲೆ ಇರುವುದಿಲ್ಲ.

ಇದಕ್ಕೆ ಎಲ್ಲರೂ ಹೇಳುವ ದೊಡ್ಡ ಉದಾಹರಣೆ 1991ರ ಐದನೆಯ ವಿಶ್ವ ಪಂದ್ಯದ್ದು. ಸ್ವಿಟ್ಜರ್ಲೆಂಡಿನ ಆಂಡಿ ಹುಗ್ ಆಗ ದೊಡ್ಡ ಹೆಸರು. ಹಿಂದಿನ ವಿಶ್ವ ಪಂದ್ಯದಲ್ಲಿ, 1987ರಲ್ಲಿ, ಫೈನಲಿಗೆ ಬಂದು ಅಕಿಯೋಶಿ ಮಾತ್ಸುಯಿಗೆ ಸೋತಿದ್ದವರು. ಎದುರಿಗೆ ಬ್ರೆಜಿಲಿನ ಫ್ರಾನ್ಸಿಸ್ಕೋ ಫಿಲ್ಹೋ. ರೆಫರಿ 'ಯಾಮೆ', ಅಂದರೆ ನಿಲ್ಲಿಸಿ, ಅನ್ನುವ ಹೊತ್ತಿಗೂ ಫಿಲ್ಹೋ ಒದೆ ಹುಗ್ ತಲೆಗೆ ಬೀಳುವ ಹೊತ್ತಿಗೂ ಕೂದಲೆಳೆ ಅಂತರ. ಹುಗ್ ಕೈ ಇಳಿಸಿಯಾಗಿತ್ತು. ಕಂಬ ಕಡಿದಂತೆ ಬಿದ್ದರು. ಪೆಟ್ಟು ನಿಲ್ಲಿಸುವ ಮಾತಿಗೆ ಮೊದಲೋ ಆಮೇಲೋ ಅನ್ನುವ ಚರ್ಚೆ ಇವತ್ತಿಗೂ ಮುಗಿದಿಲ್ಲ. ಶೈಲಿಯ ಸ್ಥಾಪಕರಾದ ಮಾಸುತಾತ್ಸು ಓಯಾಮಾ ಅಲ್ಲೇ ಕೂತಿದ್ದರು. ಗೆಲುವು ಫಿಲ್ಹೋಗೆ ಹೋಯಿತು. ಕೈ ಇಳಿಸಿದ್ದು ಹುಗ್ ತಪ್ಪು ಅನ್ನುವ ವಾದ ಗೆದ್ದಿತು. ಇವತ್ತು ನಾನು ರೆಫರಿ ಆಗಿದ್ದರೆ ಹಾಗೆ ತೀರ್ಪು ಕೊಡಲು ಧೈರ್ಯ ಸಾಲುತ್ತಿರಲಿಲ್ಲ. ಯಾಮೆ ಅಂದರೆ ಯಾಮೆ. ಆದರೆ ನನ್ನ ಹತ್ತಿರ ಕಲಿಯುವವರಿಗೆ ಹೇಳುವುದು ಮಾತ್ರ ಓಯಾಮಾ ಕಡೆಯ ಮಾತನ್ನೇ. ರೆಫರಿ ಇಬ್ಬರ ನಡುವೆ ಬಂದು ನಿಲ್ಲುವವರೆಗೂ ಕೈ ಇಳಿಸಬೇಡಿ.

ಈಗ ಮುಖಕ್ಕೆ ಯಾಕೆ ಗುದ್ದಬಾರದು ಅನ್ನುವುದಕ್ಕೆ ಬರೋಣ. ಇದಕ್ಕೆ ಕಾರಣ ಕೈಗವಸು ಇಲ್ಲದಿರುವುದು. ದೊಡ್ಡವರು ಬರಿಗೈಯಲ್ಲಿ ಆಡುತ್ತಾರೆ. ಬರಿ ಮುಷ್ಟಿ ಮುಖಕ್ಕೆ ಬಿದ್ದರೆ ಹುಬ್ಬು ಸೀಳುತ್ತದೆ, ಹಲ್ಲು ಹೋಗುತ್ತದೆ, ಗುದ್ದಿದವನ ಕೈ ಮೂಳೆಯೂ ಮುರಿಯುತ್ತದೆ. ತಲೆಬುರುಡೆ ಗಟ್ಟಿ, ಬೆರಳಿನ ಮೂಳೆ ಸಣ್ಣ. ಮೇಲಾಗಿ ಟೂರ್ನಮೆಂಟಿನಲ್ಲಿ ಒಂದೇ ದಿನ ಮೂರು ನಾಲ್ಕು ಪಂದ್ಯ ಆಡಬೇಕು. ಮುಖಕ್ಕೆ ಬರಿಗೈ ಗುದ್ದು ಬಿಟ್ಟರೆ ಎರಡನೆಯ ಸುತ್ತಿಗೆ ಆಡಲು ಅರ್ಧ ಜನ ಉಳಿಯುವುದಿಲ್ಲ. ಒದೆಯ ಕತೆ ಬೇರೆ. ಅದು ನೆಲದಿಂದ ತಲೆಯವರೆಗೆ ಬರಬೇಕು. ಬರುವುದು ಕಾಣುತ್ತದೆ. ಒದೆಯುವವನು ಒಂದೇ ಕಾಲ ಮೇಲೆ ನಿಂತು ಅಪಾಯಕ್ಕೆ ಒಡ್ಡಿಕೊಳ್ಳುತ್ತಾನೆ. ನಿಮಿಷಕ್ಕೆ ಇಪ್ಪತ್ತು ಸಲ ತಲೆಗೆ ಒದೆಯಲು ಆಗುವುದಿಲ್ಲ, ಗುದ್ದಲು ಆಗುತ್ತದೆ. ಅದಕ್ಕೇ ಒಂದಕ್ಕೆ ಬಾಗಿಲು ತೆರೆದಿದೆ, ಇನ್ನೊಂದಕ್ಕೆ ಮುಚ್ಚಿದೆ. ಒದೆ ಮೆತ್ತಗಿರುತ್ತದೆ ಅಂತ ಮಾತ್ರ ತಿಳಿಯಬೇಡಿ. ಕ್ಯೋಕುಶಿನ್‌ನ ಹೆಚ್ಚಿನ ನಾಕೌಟುಗಳು ತಲೆಗೆ ಬಿದ್ದ ಒದೆಯಿಂದ, ಇಲ್ಲವೇ ಪಿತ್ತಜನಕಾಂಗದ ಜಾಗಕ್ಕೆ ಬಿದ್ದ ಗುದ್ದಿನಿಂದ ಆಗುವಂಥವು.

ಈ ನಿಯಮ ಟೂರ್ನಮೆಂಟಿನ ಜತೆ ಬಂದಿದ್ದು. ಮೊದಲ ಅಖಿಲ ಜಪಾನ್ ಓಪನ್ ಪಂದ್ಯ ನಡೆದಿದ್ದು 1969ರ ಸೆಪ್ಟೆಂಬರ್‌ನಲ್ಲಿ, ಟೋಕಿಯೋ ಮೆಟ್ರೊಪಾಲಿಟನ್ ಜಿಮ್ನೇಶಿಯಂನಲ್ಲಿ. ಗೆದ್ದವರು ತೆರುತೊಮೊ ಯಾಮಾಝಾಕಿ. ಅದಕ್ಕೆ ಮುಂಚಿನ ಓಯಾಮಾ ಡೋಜೋದಲ್ಲಿ ಅಂಗೈಯಿಂದ ಮುಖಕ್ಕೆ ಹೊಡೆಯುತ್ತಿದ್ದರು ಅಂತ ಹಳಬರು ಹೇಳುತ್ತಾರೆ. ಸಾವಿರಾರು ಜನರ ಮುಂದೆ, ಬರಿಗೈಯಲ್ಲಿ, ನಿಜವಾಗಿ ಹೊಡೆದಾಡಿಸಬೇಕು ಅಂದಾಗ ಎಲ್ಲೋ ಒಂದು ಗೆರೆ ಎಳೆಯಲೇಬೇಕಾಯಿತು. ಕುತ್ತಿಗೆಯಿಂದ ಮೇಲೆ ಕೈ ಬೇಡ ಅಂತ ಎಳೆದರು. 1975ರಲ್ಲಿ ಮೊದಲ ವಿಶ್ವ ಪಂದ್ಯ ಬಂತು. ಕಾತ್ಸುಆಕಿ ಸಾತೊ ಗೆದ್ದರು. ಅಷ್ಟು ಹೊತ್ತಿಗೆ ಆ ಗೆರೆ ಕಲ್ಲಿನಲ್ಲಿ ಕೊರೆದ ಹಾಗೆ ಆಗಿತ್ತು.

ಇದರ ಬೆಲೆಯನ್ನೂ ಹೇಳಬೇಕು. ಮುಖಕ್ಕೆ ಕೈ ಬರುವುದಿಲ್ಲ ಅಂತ ಗೊತ್ತಿದ್ದರೆ ಕೈ ತಾನಾಗಿ ಕೆಳಗೆ ಇಳಿಯುತ್ತದೆ. ಇಬ್ಬರೂ ಮೂಗಿಗೆ ಮೂಗು ತಾಗಿಸಿ ನಿಂತು ಗುದ್ದಾಡುತ್ತಾರೆ. ನಿಜವಾದ ಜಗಳದಲ್ಲಿ ಯಾರೂ ಹಾಗೆ ನಿಲ್ಲುವುದಿಲ್ಲ. ಈ ಟೀಕೆ ಹೊರಗಿನವರದಷ್ಟೇ ಅಲ್ಲ, ಒಳಗಿನವರದೂ ಹೌದು. 1977ರ ಅಖಿಲ ಜಪಾನ್ ಗೆದ್ದ ತಾಕಾಶಿ ಅಝುಮಾ ಹೊರಗೆ ಹೋಗಿ 1981ರಲ್ಲಿ ದೈದೊ ಜುಕು ಅನ್ನುವ ತಮ್ಮದೇ ಶೈಲಿ ಶುರು ಮಾಡಿದರು. ಮುಖ ಮುಚ್ಚುವ ಹೆಲ್ಮೆಟ್ ಹಾಕಿ, ಮುಖಕ್ಕೆ ಗುದ್ದಲು ಬಿಟ್ಟರು. 1978ರಲ್ಲಿ ಗೆದ್ದ ಜೊಕೊ ನಿನೊಮಿಯಾ ಇನ್ನೊಂದು ದಾರಿ ಹಿಡಿದರು. ಅವರ ಎನ್‌ಶಿನ್ ಪಂದ್ಯಗಳಲ್ಲಿ ಹಿಡಿದು ಎಳೆದು ಬೀಳಿಸಲು ಅವಕಾಶ ಇದೆ. ಕಾಝುಯೋಶಿ ಇಶಿಯ ಸೈದೊಕೈಕಾನ್ ಕರಾಟೆ ಸಂಘಟನೆಯಿಂದ 1993ರಲ್ಲಿ ಕೆ-1 ಅನ್ನುವ ಕಿಕ್‌ಬಾಕ್ಸಿಂಗ್ ಪಂದ್ಯ ಹುಟ್ಟಿತು. ಅಲ್ಲಿ ಗ್ಲೋವ್ಸ್ ಹಾಕಿ ಮುಖಕ್ಕೆ ಗುದ್ದುತ್ತಾರೆ. ಮೇಲೆ ಹೇಳಿದ ಆಂಡಿ ಹುಗ್ ಅಲ್ಲಿಗೆ ಹೋಗಿ 1996ರಲ್ಲಿ ಕೆ-1 ಗ್ರ್ಯಾನ್ ಪ್ರಿ ಗೆದ್ದರು. ಒಂದೇ ಮನೆಯ ಮಕ್ಕಳು ಅದೊಂದು ನಿಯಮದ ಮೇಲೆ ಬೇರೆ ಬೇರೆ ಒಲೆ ಹೂಡಿದ ಹಾಗೆ. ನನ್ನ ಅಭಿಪ್ರಾಯ ಕೇಳಿದರೆ, ಪಂದ್ಯಕ್ಕೆ ಈಗಿನ ನಿಯಮ ಸರಿ. ಡೋಜೋದಲ್ಲಿ ವಾರಕ್ಕೊಂದು ದಿನವಾದರೂ ಗ್ಲೋವ್ಸ್ ಹಾಕಿ ಮುಖಕ್ಕೆ ಗುದ್ದುವ ಅಭ್ಯಾಸ ಮಾಡಿ. ಇಲ್ಲದಿದ್ದರೆ ಕೈ ಸೋಮಾರಿಯಾಗುತ್ತದೆ.

ಉಳಿದ ನಿಷೇಧಗಳು ನಿಮಗೆ ಗೊತ್ತೇ ಇರುತ್ತವೆ. ತೊಡೆಸಂಧಿಗೆ ಹೊಡೆಯಬಾರದು, ಎದುರಿನಿಂದ ಮಂಡಿ ಕೀಲಿಗೆ ಒದೆಯಬಾರದು, ತಲೆಯಿಂದ ಗುದ್ದಬಾರದು, ಬೆನ್ನಿಗೆ ಹೊಡೆಯಬಾರದು, ಹಿಡಿಯಬಾರದು, ತಳ್ಳಬಾರದು. ಹೊಸಬರಿಗೆ ಶಿಕ್ಷೆ ಬೀಳುವುದು ಹೆಚ್ಚಾಗಿ ಎರಡಕ್ಕೆ. ಒಂದು, ಸುಸ್ತಾದಾಗ ಎದುರಾಳಿಯ ಗೀ, ಅಂದರೆ ಕರಾಟೆ ಬಟ್ಟೆ, ಹಿಡಿದುಕೊಳ್ಳುವುದು. ಇನ್ನೊಂದು, ಎದೆಗೆ ಬಿಟ್ಟ ಗುದ್ದು ಜಾರಿ ಗದ್ದಕ್ಕೆ ತಾಗುವುದು. ಬೇಕಂತ ಮಾಡಲಿಲ್ಲ ಅನ್ನುವ ಸಮಜಾಯಿಷಿ ನಡೆಯುವುದಿಲ್ಲ. ಚುಯಿ ಅಂದರೆ ಎಚ್ಚರಿಕೆ. ಸಾಮಾನ್ಯವಾಗಿ ಎರಡು ಚುಯಿ ಸೇರಿ ಒಂದು ಗೆಂತೆನ್, ಅಂದರೆ ಅಂಕ ಕಡಿತ. ಎರಡು ಗೆಂತೆನ್ ಆದರೆ ಶಿಕ್ಕಾಕು, ಅಂದರೆ ಮನೆಗೆ ದಾರಿ. ಮುಂಚೂಣಿಯಲ್ಲಿದ್ದೇನೆ ಅಂತ ಹೊಡೆಯದೆ ಸುತ್ತ ಓಡುತ್ತಿದ್ದರೂ ಚುಯಿ ಬೀಳುತ್ತದೆ.

ಯಾರಿಗೂ ಇಪ್ಪೊನ್ ಸಿಗದೆ ಸಮಯ ಮುಗಿಯಿತು. ನಗಾರಿ ಬಡಿಯುತ್ತದೆ, ಮೇಜಿನ ಕಡೆಯಿಂದ ಕೆಂಪು ಬಟ್ಟೆಯ ಸಣ್ಣ ಚೀಲವೊಂದು ಮ್ಯಾಟ್ ಮೇಲೆ ಬಂದು ಬೀಳುತ್ತದೆ. ಗದ್ದಲದಲ್ಲಿ ನಗಾರಿ ಕೇಳದಿದ್ದರೂ ಚೀಲ ಕಾಣುತ್ತದೆ ಅಂತ ಆ ಏರ್ಪಾಡು. ಇಬ್ಬರೂ ತಮ್ಮ ಗೆರೆಗೆ ಹೋಗಿ ನಿಲ್ಲುತ್ತಾರೆ. ರೆಫರಿ 'ಹಾಂತೇ' ಅನ್ನುತ್ತಾರೆ. ತೀರ್ಪು ಕೊಡಿ ಅಂತ. ನಾಲ್ಕು ಮೂಲೆಯವರು ಒಟ್ಟಿಗೆ ಬಾವುಟ ತೋರಿಸಬೇಕು. ಕೆಂಪೋ ಬಿಳಿಯೋ ಮೇಲೆತ್ತಬೇಕು, ಸಮ ಅನಿಸಿದರೆ ಎರಡನ್ನೂ ಕೆಳಗೆ ಅಡ್ಡ ಹಿಡಿಯಬೇಕು. ರೆಫರಿ ಅದನ್ನು ಗಟ್ಟಿಯಾಗಿ ಎಣಿಸುತ್ತಾರೆ. ಕೊನೆಗೆ ತಮ್ಮ ಮತ ಹೇಳುತ್ತಾರೆ. ಐದರಲ್ಲಿ ಮೂರು ಬಂದರೆ ಗೆಲುವು. ಎರಡೇ ಬಂದರೆ, ಉಳಿದವರು ಸಮ ಅಂದಿದ್ದರೆ, ಸಮವೇ.

ಬಾವುಟ ಎತ್ತುವಾಗ ತಲೆಯಲ್ಲಿ ಓಡುವುದು ಇದು. ಯಾರಿಗಾದರೂ ವಾಜಾ-ಆರಿ ಇದೆಯಾ? ಯಾರಿಗಾದರೂ ಗೆಂತೆನ್ ಬಿದ್ದಿದೆಯಾ? ಇಲ್ಲದಿದ್ದರೆ, ಯಾರ ಮೈ ಜಾಸ್ತಿ ಮುರಿದಿದೆ? ಅದೂ ಸಮ ಆದರೆ ಯಾರ ಪೆಟ್ಟು ಚೊಕ್ಕ, ಯಾರು ಹೆಚ್ಚು ಹೊತ್ತು ಪಂದ್ಯವನ್ನು ತಮ್ಮ ಕೈಯಲ್ಲಿ ಇಟ್ಟುಕೊಂಡಿದ್ದರು? ನೀವು ಎಣಿಸಿದ ಗುದ್ದುಗಳ ಸಂಖ್ಯೆ ಇಲ್ಲಿ, ಕೊನೆಯಲ್ಲಿ ಬರುತ್ತದೆ. ಮೂಲೆಯವರೂ ತಪ್ಪುತ್ತಾರೆ. ರೆಫರಿಯ ಬೆನ್ನು ಅಡ್ಡ ಬಂದು ಪೆಟ್ಟು ಕಾಣದೇ ಹೋಗುವುದುಂಟು. ಅದಕ್ಕೂ ಒಂದು ಸನ್ನೆ ಇದೆ. ಎರಡೂ ಬಾವುಟವನ್ನು ಕಣ್ಣ ಮುಂದೆ ಅಡ್ಡ ಹಿಡಿಯಬೇಕು, ನನಗೆ ಕಾಣಲಿಲ್ಲ ಅಂತ. ಶುರುವಿನ ವರ್ಷಗಳಲ್ಲಿ ಆ ಸನ್ನೆ ಮಾಡಲು ನನಗೆ ನಾಚಿಕೆಯಾಗುತ್ತಿತ್ತು. ಸದ್ದು ಕೇಳಿಯೇ ವಾಜಾ-ಆರಿ ಬಾವುಟ ಚಾಚಿದ್ದೂ ಇದೆ. ಅದು ತೊಡೆಗೆ ಬಿದ್ದ ಸದ್ದಲ್ಲ, ತಡೆದ ಮೊಣಕೈಗೆ ಬಿದ್ದ ಸದ್ದು. ಪುಣ್ಯಕ್ಕೆ ಉಳಿದ ಮೂವರು ಸುಮ್ಮನಿದ್ದರು.

ಸಮ ಆದರೆ ಎಂಚೋ, ಹೆಚ್ಚುವರಿ ಎರಡು ನಿಮಿಷ. ಅದೂ ಸಮ ಆದರೆ ದೊಡ್ಡ ಟೂರ್ನಮೆಂಟುಗಳಲ್ಲಿ ಇನ್ನೊಂದು ಎರಡು ನಿಮಿಷ. ಆಮೇಲೆ ತಕ್ಕಡಿ ಬರುತ್ತದೆ. ತೂಕದ ಮಿತಿ ಇಲ್ಲದ ಪಂದ್ಯದಲ್ಲಿ ಇಬ್ಬರ ನಡುವೆ ಸಾಮಾನ್ಯವಾಗಿ 10 ಕೆಜಿ ಅಥವಾ ಹೆಚ್ಚು ವ್ಯತ್ಯಾಸ ಇದ್ದರೆ ಹಗುರ ಇದ್ದವನು ಗೆದ್ದ. ಅಷ್ಟು ಭಾರದವನ ಎದುರು ಏಳು ನಿಮಿಷ ಸಮ ನಿಂತಿದ್ದೇ ಗೆಲುವು ಅಂತ ಲೆಕ್ಕ. ಇದು ನ್ಯಾಯ ಅಂತ ನನಗೆ ಯಾವಾಗಲೂ ಅನಿಸಿದೆ. ಕೇವಲ 165 ಸೆಂಟಿಮೀಟರ್ ಎತ್ತರದ ಕೆಂಜಿ ಮಿದೊರಿ 1991ರಲ್ಲಿ ತೂಕದ ಮಿತಿಯೇ ಇಲ್ಲದ ವಿಶ್ವ ಪಂದ್ಯ ಗೆದ್ದರು ಅನ್ನುವುದನ್ನೂ ಇದರ ಪಕ್ಕದಲ್ಲಿ ಇಟ್ಟು ನೋಡಿ.

ತೂಕವೂ ತೀರ್ಮಾನ ಮಾಡದಿದ್ದರೆ ಹಲಗೆ. ತಮೇಶಿವಾರಿ ಅಂದರೆ ಹಲಗೆ ಒಡೆಯುವುದು. ಇದನ್ನು ಪ್ರದರ್ಶನ ಅಂತ ತಿಳಿದವರೇ ಜಾಸ್ತಿ. ಆದರೆ ದೊಡ್ಡ ಪಂದ್ಯಗಳಲ್ಲಿ ಮುಂದಿನ ಸುತ್ತಿಗೆ ಬಂದವರೆಲ್ಲ ಸುಗಿ ಅನ್ನುವ ಜಪಾನಿ ಮರದ ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ ನಾಲ್ಕು ಬಗೆಯಲ್ಲಿ ಒಡೆಯಬೇಕು. ಮುಷ್ಟಿಯಿಂದ, ಅಂಗೈ ಅಂಚಿನಿಂದ, ಮೊಣಕೈಯಿಂದ, ಪಾದದ ಅಂಚಿನಿಂದ. ಎಷ್ಟು ಹಲಗೆ ಅಂತ ಆಟಗಾರನೇ ಹೇಳುತ್ತಾನೆ. ಹೇಳಿದಷ್ಟೂ ಒಡೆಯಬೇಕು, ಒಂದು ಉಳಿದರೂ ಆ ಪ್ರಯತ್ನ ಲೆಕ್ಕಕ್ಕಿಲ್ಲ. ಒಟ್ಟು ಸಂಖ್ಯೆಯನ್ನು ಬರೆದಿಡುತ್ತಾರೆ. ಪಂದ್ಯ ಎಲ್ಲ ರೀತಿಯಲ್ಲೂ ಸಮ ಆದಾಗ ಆ ಕಾಗದ ಹೊರಗೆ ಬರುತ್ತದೆ. ಒಂದು ಹಲಗೆ ಜಾಸ್ತಿ ಒಡೆದವನು ಮುಂದೆ ಹೋಗುತ್ತಾನೆ. ಆಟಗಾರನಿಗೆ ಇದು ದೊಡ್ಡ ಇಕ್ಕಟ್ಟು. ಜಾಸ್ತಿ ಹೇಳಿ ಕೈ ಊದಿಸಿಕೊಂಡರೆ ಮುಂದಿನ ಪಂದ್ಯಕ್ಕೆ ಮುಷ್ಟಿ ಕಟ್ಟಲು ಆಗುವುದಿಲ್ಲ. ಕಮ್ಮಿ ಹೇಳಿದರೆ ಆ ಕಾಗದದಲ್ಲಿ ಸೋಲುತ್ತಾನೆ. ನಿಮ್ಮ ಮೊದಲ ಟೂರ್ನಮೆಂಟಿನಲ್ಲಿ ಇದು ಬಹುಶಃ ಇರುವುದಿಲ್ಲ. ಸಣ್ಣ ಪಂದ್ಯಗಳಲ್ಲಿ ಎಂಚೋ ಮುಗಿದ ಮೇಲೆ ಯಾರಾದರೂ ಒಬ್ಬರಿಗೆ ಬಾವುಟ ಎತ್ತಲೇಬೇಕು ಅನ್ನುತ್ತಾರೆ.

ಇನ್ನು ಬಗ್ಗುವುದು, 'ಓಸ್' ಅನ್ನುವುದು. ಶುರುವಿನಲ್ಲಿ ಎದುರಿನ ಪೀಠಕ್ಕೆ, ರೆಫರಿಗೆ, ಆಮೇಲೆ ಒಬ್ಬರಿಗೊಬ್ಬರು ಬಗ್ಗಬೇಕು. ಮುಗಿದ ಮೇಲೂ ಹಾಗೇ. 'ಓಸ್' ಮಾತಿಗೆ ನಮ್ಮ ಶೈಲಿಯವರು ಕೊಡುವ ಅರ್ಥ ಒತ್ತಡ ಬಂದರೂ ತಾಳು ಅಂತ. ಬಳಕೆಯಲ್ಲಿ ಅದು ಹೌದು, ಸರಿ, ನಮಸ್ಕಾರ, ತಪ್ಪಾಯಿತು, ಎಲ್ಲವೂ. ಚುಯಿ ಬಿದ್ದಾಗಲೂ 'ಓಸ್' ಅಂದು ಬಗ್ಗಬೇಕು. ರೆಫರಿ ಜತೆ ವಾದ ಮಾಡಲು ಬೇರೆ ಪದವೇ ಇಲ್ಲ. ಇದಕ್ಕೆ ಅಂಕ ಬರುವುದೂ ಇಲ್ಲ, ಮರೆತರೆ ಹೋಗುವುದೂ ಇಲ್ಲ. ಬೇಕಂತ ಅಗೌರವ ತೋರಿಸಿದರೆ ಮಾತ್ರ ಅದು ಬೇರೆ ವಿಷಯ.

ಎದುರಾಳಿ ಗಾಯಗೊಂಡು ಬಿದ್ದು ವೈದ್ಯರು ಬಂದರೆ, ನೀವು ನಿಮ್ಮ ಗೆರೆಗೆ ಹೋಗಿ ಬೆನ್ನು ತಿರುಗಿಸಿ ಮಂಡಿಯೂರಿ ಕೂರಬೇಕಾಗಬಹುದು. ಈ ರೂಢಿಯನ್ನು ನಾನು ಶುರುವಿನಲ್ಲಿ ಬರೀ ವಿನಯ ಅಂದುಕೊಂಡಿದ್ದೆ. ಬೆನ್ನು ತಿರುಗಿಸಿ ಕೂತಾಗ ಗೊತ್ತಾಯಿತು. ನೋವಿನಲ್ಲಿ ಹೊರಳುವವನನ್ನು ಗೆದ್ದವನು ನೋಡುತ್ತಾ ನಿಲ್ಲಬಾರದು ಅಂತ ಅದು. ಬಿದ್ದವನಿಗೆ ಅಷ್ಟು ಮರೆ ಬೇಕಾಗುತ್ತದೆ. ಗೀ ಬಿಚ್ಚಿಕೊಂಡರೂ ತಿರುಗಿ ನಿಂತೇ ಸರಿಮಾಡಿಕೊಳ್ಳಿ. ಗೆದ್ದ ಮೇಲೆ ಸೋತವರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಳ್ಳಿ. ಅವರ ಕಡೆಯವರಿಗೂ ಒಮ್ಮೆ ಬಗ್ಗಿ.

ಒಂದು ಎಚ್ಚರಿಕೆ. 1994ರಲ್ಲಿ ಓಯಾಮಾ ತೀರಿಕೊಂಡ ಮೇಲೆ ಸಂಘಟನೆ ಒಡೆದು ಹಲವು ಆಯಿತು. ಮೂಲ ನಿಯಮ ಎಲ್ಲ ಕಡೆ ಒಂದೇ. ಆದರೆ ಎಷ್ಟು ತಳ್ಳಬಹುದು, ಬರೀ ಒದೆ ಮತ್ತು ಜಾನ್‌ಶಿನ್‌ಗೆ ವಾಜಾ-ಆರಿ ಕೊಡುತ್ತಾರಾ, ಹೊಸಬರಿಗೆ ಕಾಲು ಕವಚ ಕಡ್ಡಾಯವಾ, ಇಂಥ ಸಣ್ಣ ಸಂಗತಿಗಳಲ್ಲಿ ಒಂದೊಂದು ಕಡೆ ಒಂದೊಂದು ಥರ. ನಾನು ಬರೆದಿದ್ದನ್ನು ನಂಬಿ ಹೋಗಬೇಡಿ. ನೀವು ಆಡುವ ಪಂದ್ಯದ ನಿಯಮದ ಹಾಳೆಯನ್ನು ಕೇಳಿ ತರಿಸಿಕೊಂಡು ಓದಿ. ಬೆಳಗ್ಗೆ ನಡೆಯುವ ನಿಯಮದ ಸಭೆಯನ್ನು ತಪ್ಪಿಸಬೇಡಿ. ಅರ್ಧ ಜನ ಆ ಹೊತ್ತಿಗೆ ಮೈ ಬಿಸಿ ಮಾಡಿಕೊಳ್ಳಲು ಹೋಗಿ, ಮಧ್ಯಾಹ್ನ ಚುಯಿ ತಿನ್ನುತ್ತಾರೆ.

ಉಳಿದ ಒಂದು ತಿಂಗಳಲ್ಲಿ ಹೊಸ ಒದೆ ಕಲಿಯಲು ಹೋಗಬೇಡಿ. ಅಡ್ಡ ಒದೆ ಬರುವಾಗ ಮೊಣಕಾಲು ಎತ್ತಿ ತಡೆಯುವುದನ್ನೇ ದಿನಾ ಮಾಡಿ, ಎರಡೂ ಕಾಲಿಗೆ. ತಡೆಯದೆ ತೊಡೆಯಲ್ಲಿ ತಿಂದವರು ಮೊದಲ ಪಂದ್ಯ ಗೆದ್ದರೂ ಎರಡನೆಯದಕ್ಕೆ ಮೆಟ್ಟಿಲು ಹತ್ತಲು ಆಗದೆ ಕೂತಿರುತ್ತಾರೆ. ಕೊನೆಯ ಮೂವತ್ತು ಸೆಕೆಂಡು ಅಂತ ನಿಮ್ಮ ಕಡೆಯವರು ಕೂಗುತ್ತಾರೆ. ಆ ಕೂಗಿಗೆ ಮೈ ಏಳುವ ಹಾಗೆ ಡೋಜೋದಲ್ಲೇ ಅಭ್ಯಾಸ ಮಾಡಿ, ಸಮ ಇರುವ ಪಂದ್ಯದಲ್ಲಿ ಮೂಲೆಯವರ ಕಣ್ಣಲ್ಲಿ ಉಳಿಯುವುದು ಆ ಅರ್ಧ ನಿಮಿಷವೇ. ಕಾಲಿನ ಉಗುರು ಹಿಂದಿನ ರಾತ್ರಿಯೇ ಕತ್ತರಿಸಿಕೊಳ್ಳಿ. ಕೆಂಪು ಕಡೆ ನಿಮ್ಮ ಹೆಸರು ಬಂದರೆ ಬೆಲ್ಟಿಗೆ ಕೆಂಪು ದಾರ ಕಟ್ಟುತ್ತಾರೆ, ಪಂದ್ಯ ಮುಗಿದ ಮೇಲೆ ಅದನ್ನು ಬಿಚ್ಚಿ ಮೇಜಿಗೆ ವಾಪಸ್ ಕೊಡಿ. ಪ್ರತಿ ಟೂರ್ನಮೆಂಟಿನಲ್ಲೂ ಮಧ್ಯಾಹ್ನದ ಹೊತ್ತಿಗೆ ಆ ದಾರ ಎಲ್ಲಿ ಹೋಯಿತು ಅಂತ ಹುಡುಕುವ ಕೆಲಸ ನಮ್ಮಂಥವರಿಗೇ ಬೀಳುವುದು.